ಕುರಿ ಕಾಯಾಂವ: ಗಡಿನಾಡ ಕನ್ನಡದಲ್ಲಿ ಒಂದು ಬೈಬಲ್ ಪ್ರತಿಮೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿಯಂಥ ಊರಿನಲ್ಲಿ ಕುರಿ ಸಾಕುವ ಕುಲದವನಿಗೆ ಎರಡು ಹೆಸರು. ಓಣಿಯವರ ಬಾಯಲ್ಲಿ ಅವನು ಕುರುಬ, ಸರ್ಕಾರಿ ಕಾಗದದಲ್ಲಿ ಧನಗರ. (ರಬಕವಿ ಹತ್ತಿರ ಇನ್ನೊಂದು ಅಸಂಗಿ ಇದೆ; ನಾನು ಹೇಳುತ್ತಿರುವುದು ಬರದ ಸೀಮೆಯ ಅಸಂಗಿಯನ್ನು.) ಈ ಟಿಪ್ಪಣಿಯ ಮೊದಲ ಪ್ರಶ್ನೆ ಹುಟ್ಟಿದ್ದು ಆ ಎರಡು ಹೆಸರುಗಳಿಂದ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ಕುರಿ ಕಾಯುವವನೆಂದು ಕರೆದುಕೊಂಡು, ಅಂಥವನು ಕುರಿಗಳಿಗಾಗಿ ಜೀವವನ್ನೇ ಕೊಡುತ್ತಾನೆ ಎನ್ನುತ್ತಾನೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ತಲೆಮಾರುಗಳಿಂದ ಓದುತ್ತ ಬಂದ ಕನ್ನಡದ ‘ಸತ್ಯವೇದವು’ ಇಲ್ಲಿ ಇಟ್ಟ ಪದ ‘ಕುರುಬ’. ಮರಾಠಿ ಬೈಬಲ್ಲು ‘ಧನಗರ’ ಎನ್ನುವುದಿಲ್ಲ, ‘ಮೇಂಢಪಾಳ’ ಎನ್ನುತ್ತದೆ. ಒಂದು ಕುಲದ ಹೆಸರು, ಇನ್ನೊಂದು ಕೆಲಸದ ಹೆಸರು. ಬೆಂಗಳೂರಿನ ಓದುಗನಿಗೂ ಪುಣೆಯ ಓದುಗನಿಗೂ ಇದು ಕಣ್ಣಿಗೆ ಬೀಳಲಿಕ್ಕಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವವರ ಕಿವಿಗೆ ತಟ್ಟನೆ ತಾಕುತ್ತದೆ.

ಎರಡು ಬೈಬಲ್ಲುಗಳ ನಡುವೆ ಜತ್ತ ಸೀಮೆ ಸಿಕ್ಕಿಕೊಂಡದ್ದು ಭೂಗೋಳದ ಕಾರಣದಿಂದ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ, ಬ್ರಿಟಿಷರ ಕಾಲದ ಕೊನೆಯ ಘಟ್ಟದಲ್ಲಿ ಡೆಕ್ಕನ್ ಸ್ಟೇಟ್ಸ್ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಗಿ ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯ ಪಾಲಾಯಿತು. ಆ ಜಿಲ್ಲೆಗೆ ಸಾಂಗ್ಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಮಿಶನರಿಗಳ ನಕಾಶೆಯಲ್ಲೂ ಇದೇ ಇಬ್ಬಂದಿ. ಕನ್ನಡದ ಕಡೆ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕೆಲಸ 1831ರ ಹೊತ್ತಿಗೆ ಇಡೀ ಕನ್ನಡ ಬೈಬಲ್ಲಾಗಿ ಅಚ್ಚಾಯಿತು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದು ಕೊನೆಗೆ ವಿಜಾಪುರ ಮುಟ್ಟಿತು. ಮರಾಠಿಯ ಕಡೆ, ಅಮೆರಿಕನ್ ಪ್ರೆಸ್ಬಿಟೇರಿಯನ್ನರು ಕೊಲ್ಲಾಪುರದಿಂದ ಮಿರಜಿಗೆ ಬಂದರು. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ. ಜತ್ತಿನ ಮಡ್ಡಿ ಇವೆರಡರ ನಡುವೆ ಬಿದ್ದಿದೆ. ಅಲ್ಲಿನ ಕ್ರೈಸ್ತರ ಚರಿತ್ರೆ ಬರೆಯುವುದು ಇಲ್ಲಿನ ಉದ್ದೇಶವಲ್ಲ. ಪೂರ್ವದಿಂದ ಬಂದ ಪುಸ್ತಕದಲ್ಲಿ ಯಾವ ಪದವಿತ್ತು, ಪಶ್ಚಿಮದಿಂದ ಬಂದದ್ದರಲ್ಲಿ ಯಾವುದಿತ್ತು ಎನ್ನುವುದಷ್ಟೇ ನನ್ನ ಕುತೂಹಲ.

‘ಕುರುಬ’ ಎಂಬುದು ಕುರಿಯಿಂದಲೇ ಬಂದ ಮಾತು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಕೊಡಗು, ಮೈಸೂರಿನ ಕಾಡಂಚಿನಲ್ಲಿ ಜೇನುಕುರುಬರಿದ್ದಾರೆ, ಬೆಟ್ಟಕುರುಬರಿದ್ದಾರೆ. ಅವರದು ಕುರಿಯ ಬದುಕಲ್ಲ. ಅತ್ತ ಕುರುಬ ಕುಲದಲ್ಲಿ ಹುಟ್ಟಿ ಜನ್ಮದಲ್ಲಿ ಕುರಿ ಮುಟ್ಟದೆ ಶಾಲೆ ಮಾಸ್ತರನಾದವನೂ ಕುರುಬನೇ. ಇತ್ತ ಬೇರೆ ಕುಲದವನು ನೂರು ಕುರಿ ಸಾಕಿದರೂ ಕುರುಬನಾಗುವುದಿಲ್ಲ. ಹೀಗಾಗಿ ದೇವರೇ ತಾನು ‘ಒಳ್ಳೆಯ ಕುರುಬ’ ಎಂದಾಗ ಹಳ್ಳಿಯ ಕಿವಿಗೆ ಎರಡು ಅರ್ಥ ಒಟ್ಟಿಗೆ ಕೇಳುತ್ತವೆ. ಆ ಕುಲದವನು ಅದನ್ನು ಕೇಳಿ ಎದೆಯುಬ್ಬಿಸಬಹುದು. ಊರಿನ ಮೇಲಿನ ಓಣಿಯವನು ಮುಖ ಸಿಂಡರಿಸಬಹುದು. ಎರಡೂ ಪ್ರತಿಕ್ರಿಯೆಗಳನ್ನು ಗ್ರೀಕ್ ಮೂಲದಲ್ಲಿ ಇಲ್ಲದವು ಎಂದು ತಳ್ಳಿಹಾಕುವಂತಿಲ್ಲ. ಬೆತ್ಲೆಹೇಮಿನ ಹೊರಗೆ ರಾತ್ರಿ ಹಿಂಡು ಕಾಯುತ್ತಿದ್ದವರೂ ಊರ ಗಣ್ಯರಲ್ಲ.

ಹೆಸರಿನ ತೂಕ ಎಷ್ಟೆಂಬುದಕ್ಕೆ ಒಂದು ವ್ಯಾಜ್ಯವನ್ನೇ ನೋಡಬಹುದು. ಮಹಾರಾಷ್ಟ್ರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಓರಾಂವ್, ಧನಗಡ’ ಎಂದಿದೆ. ಆ ‘ಡ’ ನಿಜವಾಗಿ ‘ರ’ ಆಗಬೇಕಿತ್ತು, ಅದು ನಾವೇ ಎಂಬುದು ಧನಗರರ ಹಳೆಯ ವಾದ. ಬಾಂಬೆ ಹೈಕೋರ್ಟು 2024ರ ಫೆಬ್ರವರಿಯಲ್ಲಿ ಆ ಅರ್ಜಿಗಳನ್ನು ವಜಾ ಮಾಡಿತು. ಧನಗರರು ಅಲ್ಲಿ ಅಲೆಮಾರಿ ಜಮಾತಿಯ ‘ಕ’ ಗುಂಪಿನವರು, ಮೀಸಲಾತಿ ಶೇಕಡ 3.5, ಕರ್ನಾಟಕದಲ್ಲಿ ಕುರುಬರು 2ಎ ಪ್ರವರ್ಗದವರು. ಒಂದು ಅಕ್ಷರಕ್ಕೆ ಇಷ್ಟು ಹೋರಾಟ ನಡೆಯುವ ನಾಡಿನಲ್ಲಿ ಬೈಬಲಿನ ಒಂದು ಪದ ಸುಮ್ಮನೆ ‘ಕೆಲಸದ ಹೆಸರು’ ಆಗಿ ಉಳಿಯುತ್ತದೆಂದು ನಂಬುವುದು ಕಷ್ಟ.

ಕಥೊಲಿಕರ ಕನ್ನಡ ಬೈಬಲ್ಲು ‘ಕುರಿಗಾಹಿ’ ಎಂಬ ಪದ ಹಿಡಿಯಿತು. ಇಂದಿನ ಪತ್ರಿಕೆಗಳ, ಸರ್ಕಾರಿ ಯೋಜನೆಗಳ ಪದವೂ ಅದೇ. ಜಾತಿಯ ಸೋಂಕಿಲ್ಲದ, ನಿರಾಳ ಪದ. ಇದೇ ಸರಿ ಎಂದು ತೀರ್ಪು ಕೊಟ್ಟು ಮುಗಿಸಬಹುದಿತ್ತು. ಆದರೆ ‘ಕುರುಬ’ ಎಂದೊಡನೆ ಕಣ್ಣ ಮುಂದೆ ಬರುವ ಕರಿಕಂಬಳಿ, ನಾಯಿ, ರಾತ್ರಿ ಹೊಲದಲ್ಲಿ ಹಿಂಡನ್ನು ಸುತ್ತುವರಿದ ಬಲೆ, ಹೆಗಲ ಮೇಲೆ ಆಗತಾನೆ ಹುಟ್ಟಿದ ಮರಿ, ಇದಾವುದೂ ‘ಕುರಿಗಾಹಿ’ ಎಂದಾಗ ಅಷ್ಟು ಬೇಗ ಬರುವುದಿಲ್ಲ. ನೆರೆಯ ಭಾಷೆಗಳೂ ತಂತಮ್ಮ ದಾರಿ ಹಿಡಿದಿವೆ. ತಮಿಳಿನ ‘ಮೇಯ್ಪ್ಪನ್’ ಮೇಯಿಸುವವನು. ತೆಲುಗಿನ ‘ಕಾಪರಿ’ ಕಾಯುವವನು. ಮಲಯಾಳದ ‘ಇಡಯನ್’ ನಮ್ಮ ಕುರುಬನ ಹಾಗೆ ಕುಲದ ಹೆಸರಿಗೆ ಅಂಟಿಕೊಂಡದ್ದು.

ಈ ಚರ್ಚೆಯಲ್ಲಿ ಪಂಡಿತರು ಯಾವಾಗಲೂ ನಾಮಪದದ ಬೆನ್ನು ಹತ್ತಿದ್ದಾರೆ ಎಂಬುದು ನನ್ನ ತಕರಾರು. ಅಸಂಗಿಯ ಕಡೆಯ ಆಡುಮಾತಿನಲ್ಲಿ ಕೆಲಸ ಹೇಳಬೇಕಾದಾಗ ಕುರುಬನೂ ಇಲ್ಲ, ಕುರಿಗಾಹಿಯೂ ಇಲ್ಲ, ‘ಕುರಿ ಕಾಯಾಂವ’. ಇಲ್ಲಿ ಗಮನಿಸಬೇಕಾದ್ದು ‘ಕಾಯು’ ಎಂಬ ಕ್ರಿಯಾಪದ. ಕುರಿ ಕಾಯುತ್ತೇವೆ, ತೊಟ್ಟಿಲ ಕೂಸು ಕಾಯುತ್ತೇವೆ, ರಾಶಿ ಹಾಕಿದ ಕಣ ಕಾಯುತ್ತೇವೆ, ಬಸ್ಸಿನ ದಾರಿ ಕಾಯುತ್ತೇವೆ, ಕೊನೆಗೆ ‘ದೇವರು ಕಾಯ್ತಾನ ಬಿಡು’ ಎನ್ನುತ್ತೇವೆ. ಕಾವಲು, ಕಾಪಾಡುವುದು, ತಾಳಿಕೊಂಡು ಕೂಡುವುದು ಮೂರೂ ಒಂದೇ ಮಾತಿನೊಳಗೆ. ‘ಕುರಿಗಾಹಿ’ಯ ‘ಕಾಹಿ’ಯೂ ಇದರದ್ದೇ ಕೂಸು.

ಬೈಬಲಿನ ಮೂಲಭಾಷೆಗಳಲ್ಲಿ ಈ ಒಟ್ಟಂದ ಇಲ್ಲ. ಹೀಬ್ರೂವಿನಲ್ಲಿ ಕುರಿ ಮೇಯಿಸುವುದಕ್ಕೆ ‘ರಾಆ’, ಕಾವಲಿಗೆ ‘ಶಾಮರ್’. 23ನೆಯ ಕೀರ್ತನೆ ಮೊದಲನೆಯದನ್ನು ಬಳಸುತ್ತದೆ. ನಿದ್ದೆ ಮಾಡದೆ ಕಾಯುವವನನ್ನು ಹಾಡುವ 121ನೆಯದು ಎರಡನೆಯದನ್ನು. ಲ್ಯಾಟಿನ್ನಿನ ‘ಪಾಸ್ತೊರ್’ ಮೇವು ಕೊಡುವವನು. ಗ್ರೀಕಿನ ‘ಪೊಯ್ಮಾಯ್ನೊ’ ಕ್ರಿಯಾಪದಕ್ಕೆ ಆಳುವುದು ಎಂಬ ನೆರಳೂ ಉಂಟು. ಪ್ರಕಟನೆಯ ಪುಸ್ತಕದಲ್ಲಿ ಕಬ್ಬಿಣದ ಕೋಲಿನಿಂದ ಜನಾಂಗಗಳನ್ನು ಆಳುವ ಮಾತು ಬಂದಾಗ ಅಲ್ಲಿರುವುದು ಇದೇ ಪದ. ಕನ್ನಡದ ‘ಕಾಯು’ವಿನಲ್ಲಿ ಆಳ್ವಿಕೆಯ ಗತ್ತಿಲ್ಲ. ಕಾಯುವವನು ಕೂತಿರುತ್ತಾನೆ, ನಿಂತಿರುತ್ತಾನೆ, ಎಚ್ಚರವಿರುತ್ತಾನೆ.

ಇದರಿಂದ ಒಂದು ಹಳೆಯ ಕಥೆಗೆ ಹೊಸ ಬೆಳಕು ಬೀಳುತ್ತದೆ. ಆದಿಕಾಂಡದ 4ನೆಯ ಅಧ್ಯಾಯದಲ್ಲಿ ಹೇಬೆಲನು ಕುರಿ ಮೇಯಿಸುವವನು, ಅವನ ಅಣ್ಣ ಕಾಯಿನನು ಹೊಲ ಮಾಡುವವನು. ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ತಮ್ಮ ಎಲ್ಲಿ ಎಂದು ದೇವರು ಕೇಳಿದಾಗ ನಾನೇನು ಅವನ ಕಾವಲಿನವನೇ ಎಂಬರ್ಥದ ಮರುಪ್ರಶ್ನೆ ಹಾಕುತ್ತಾನೆ. ಹೀಬ್ರೂವಿನಲ್ಲಿ ತಮ್ಮನ ಕಸುಬಿಗೆ ಒಂದು ಪದ, ಅಣ್ಣನ ಪ್ರಶ್ನೆಯಲ್ಲಿ ಬೇರೊಂದು. ಜತ್ತಿನ ಕನ್ನಡದಲ್ಲಿ ಈ ಕಥೆ ಹೇಳಿದರೆ ಎರಡೂ ಕಡೆ ಒಂದೇ ಮಾತು ಬಂದುಬಿಡುತ್ತದೆ: ತಮ್ಮ ಕುರಿ ಕಾಯಾಂವ, ‘ನಾ ಏನ್ ನನ್ನ ತಮ್ಮನ್ನ ಕಾಯಾಂವೇನ’ ಎಂದು ಅಣ್ಣ. ಕುರಿಯನ್ನು ಕಾಯುತ್ತಿದ್ದವನನ್ನು ಕಾಯುವವರು ಇರಲಿಲ್ಲ. ಭಾಷೆ ತಾನಾಗಿ ಕೊಟ್ಟ ಈ ವ್ಯಂಗ್ಯವನ್ನು ಯಾವ ಅನುವಾದಕನೂ ಯೋಜಿಸಿ ತರಲಾರ.

ಯೋಹಾನನ 10ನೆಯ ಅಧ್ಯಾಯಕ್ಕೆ ಮರಳೋಣ. ಅಲ್ಲಿ ಕಾಯುವವನ ಎದುರು ನಿಂತವರು ಇಬ್ಬರು: ಕಳ್ಳ, ಮತ್ತು ಸಂಬಳದ ಆಳು. ತೋಳ ಬಂದಾಗ ಆಳು ಓಡಿಹೋಗುತ್ತಾನೆ, ಏಕೆಂದರೆ ಕುರಿ ಅವನದಲ್ಲ. ಈ ವಾದ ಜತ್ತಿನ ಕುರಿಹಟ್ಟಿಯಲ್ಲಿ ಅಷ್ಟು ಸುಲಭವಾಗಿ ಒಪ್ಪಿತವಾಗದು. ವರ್ಷದ ಕೂಲಿಗೆ ನಿಂತ ಹುಡುಗನೇ ಎಷ್ಟೋ ಹಿಂಡಿನ ಆಧಾರ. ಧಣಿ ಊರಲ್ಲಿರುತ್ತಾನೆ, ತೋಳದ ಮುಂದೆ ನಿಲ್ಲುವವನು ಆಳು. ಹಳೆಯ ಒಡಂಬಡಿಕೆಗೆ ಇದು ಗೊತ್ತಿತ್ತು. ವಿಮೋಚನಕಾಂಡದ 22ನೆಯ ಅಧ್ಯಾಯದ ಕಟ್ಟಳೆಯಂತೆ, ಬೇರೆಯವರ ಪಶು ತನ್ನ ವಶದಲ್ಲಿದ್ದಾಗ ಕಾಡುಮೃಗ ಅದನ್ನು ಸೀಳಿದರೆ, ಉಳಿದ ತುಣುಕನ್ನು ಸಾಕ್ಷಿಯಾಗಿ ತಂದು ತೋರಿಸಿದವನು ದಂಡ ತೆರಬೇಕಿಲ್ಲ. ಆಮೋಸನು ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ಚೂರನ್ನೋ ಬಿಡಿಸಿಕೊಳ್ಳುವ ಕುರಿ ಕಾಯುವವನ ಚಿತ್ರ ಕೊಡುವುದು ಈ ಕಟ್ಟಳೆಯ ಹಿನ್ನೆಲೆಯಲ್ಲೇ. ಸ್ವತಃ ಆಮೋಸನೂ ತೆಕೋವದ ಕುರಿಯವನು. ಅಂದರೆ ಕುರಿಗಾಗಿ ಮೃಗದ ಬಾಯಿಗೆ ಕೈ ಹಾಕುವುದು ಪ್ರೀತಿಯಷ್ಟೇ ಲೆಕ್ಕದ ವಿಷಯವೂ ಆಗಿತ್ತು. ಯೋಹಾನನು ಆ ಲೆಕ್ಕವನ್ನು ಕಿತ್ತುಹಾಕಿದ್ದಾನೆ. ಅವನ ಕಾಯುವವನಿಗೆ ಸಾಕ್ಷಿ ಒಪ್ಪಿಸಬೇಕಾದ ಧಣಿಯಿಲ್ಲ.

ತೋಳದ ಬಗ್ಗೆ ಒಂದು ಮಾತು. ದಾವೀದ ಎದುರಿಸಿದ ಸಿಂಹ, ಕರಡಿಗಳು ಜತ್ತ, ಮಂಗಳವೇಢೆಯ ಮಡ್ಡಿಯಲ್ಲಿಲ್ಲ. ಯೋಹಾನನ ತೋಳ ಇದೆ. ದಖ್ಖನಿನ ಹುಲ್ಲುಗಾವಲಿನ ಕೊನೆಯ ತೋಳಗಳು ಸೊಲ್ಲಾಪುರದಿಂದ ಕೊಪ್ಪಳದವರೆಗಿನ ಇಂಥ ಬಯಲುಗಳಲ್ಲೇ ಇನ್ನೂ ಕುರಿಯ ಜೊತೆ ಬದುಕಿವೆ. ಸುವಾರ್ತೆಯಲ್ಲಿ ತೋಳ ಬರೀ ವೈರಿ. ಧನಗರರಲ್ಲಿ ಹಾಗಲ್ಲ, ಹಿಂಡಿನಲ್ಲಿ ತೋಳಕ್ಕೂ ಒಂದು ಪಾಲುಂಟು ಎನ್ನುವ ನಂಬಿಕೆ ಅವರಲ್ಲಿದೆ. ಒಂದು ಮರಿ ಹೋದರೆ ಬೈಯುತ್ತಾರೆ, ಅಳುತ್ತಾರೆ, ಆದರೆ ಅದನ್ನು ಧರ್ಮಯುದ್ಧ ಮಾಡುವುದಿಲ್ಲ. ಕಳೆದುಹೋದ ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಹೋಗುವ ಲೂಕನ ಸಾಮ್ಯ ಕೂಡ ಅನುಭವಿ ಕುರಿಯವನಿಗೆ ಹುಂಬತನವಾಗಿ ಕಂಡೀತು. ಸಾಮ್ಯದ ಬೆರಗು ಇರುವುದೇ ಆ ಹುಂಬತನದಲ್ಲಿ ಎಂದು ನನಗೆ ತೋರುತ್ತದೆ.

ಈಗ ‘ಜೀವ ಕೊಡುವುದು’. ಗ್ರೀಕಿನ ಬಹುಪಾಲು ಹಸ್ತಪ್ರತಿಗಳಲ್ಲಿ 11ನೆಯ ವಚನದ ಕ್ರಿಯಾಪದ ‘ತಿಥೇಸಿನ್’, ಇಡುತ್ತಾನೆ. ಜೀವವನ್ನು ತೆಗೆದು ಕೆಳಗಿಡುವ ಚಿತ್ರ. 3ನೆಯ ಶತಮಾನದ ಚೆಸ್ಟರ್ ಬೀಟಿ ಪಪೈರಸ್ 45, ಸೈನಾ ಹಸ್ತಪ್ರತಿಯ ಮೊದಲ ಬರಹ ಮುಂತಾದ ಕೆಲವೇ ಸಾಕ್ಷ್ಯಗಳಲ್ಲಿ ‘ದಿದೋಸಿನ್’, ಕೊಡುತ್ತಾನೆ. ಸಂಪಾದಕರು ಮೊದಲನೆಯದನ್ನು ಮೂಲಪಾಠವೆಂದು ಒಪ್ಪುತ್ತಾರೆ. 17 ಮತ್ತು 18ನೆಯ ವಚನಗಳಲ್ಲಿ ಇಟ್ಟ ಜೀವವನ್ನು ಮತ್ತೆ ಎತ್ತಿಕೊಳ್ಳುವ ಮಾತು ಬರುವುದರಿಂದ ಅದೇ ಹೊಂದುತ್ತದೆ ಕೂಡ. ಕನ್ನಡದಲ್ಲಿ ಜೀವ ಇಡುವುದೆಂದರೆ ಪ್ರೀತಿ ಇಡುವುದು, ‘ಅವನ ಮ್ಯಾಲ ಜೀಂವ ಇಟ್ಟಾಳ’ ಎಂಬ ಹಾಗೆ. ಹಾಗಾಗಿ ಕನ್ನಡಕ್ಕೆ ‘ಪ್ರಾಣ ಕೊಡು’ ಎನ್ನುವುದೇ ಗತಿ. ಗ್ರೀಕಿನ ಮಾತನ್ನು ಅಕ್ಷರಶಃ ತಂದಿದ್ದರೆ ಕುರಿಗಳ ಮೇಲೆ ಜೀವ ಇಟ್ಟವನೆಂಬ ಚೆಂದದ ತಪ್ಪು ಆಗುತ್ತಿತ್ತು. ಮೂಲದ ವಿಶೇಷಣವೂ ಇಷ್ಟೇ ಜಾರುವಂಥದ್ದು: ‘ಕಲೋಸ್’ ಎಂದರೆ ಒಳ್ಳೆಯವನು ಮಾತ್ರವಲ್ಲ, ಚೆಲುವ, ಕುಂದಿಲ್ಲದವನು.

ಪಶುಗಳಿಗಾಗಿ ಪ್ರಾಣ ಕೊಡುವುದು ಕನ್ನಡ ನಾಡಿಗೆ ಹೊರಗಿನಿಂದ ಬಂದ ಕಲ್ಪನೆಯಲ್ಲ. ತುರುಗೋಳಿನ ವೀರಗಲ್ಲುಗಳು ಊರೂರಿನಲ್ಲಿವೆ: ಹಗೆಗಳು ಹಿಡಿದೊಯ್ದ ದನಗಳನ್ನು ಬಿಡಿಸಿ ತರುವಾಗ ಸತ್ತವನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಎದುರು ಅವನು. ಷ. ಶೆಟ್ಟರ್ ಮತ್ತು ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಸೇರಿ ಸಂಪಾದಿಸಿದ ಸ್ಮಾರಕ ಶಿಲೆಗಳ ಸಂಪುಟ 1982ರಲ್ಲಿ ಧಾರವಾಡದಿಂದ ಬಂತು. ಸೊಂಥೈಮರ್ ಅದಕ್ಕೆ ಮೊದಲೇ, 1976ರಲ್ಲಿ, ಬೀರೋಬಾ, ಮ್ಹಸ್ಕೋಬಾ, ಖಂಡೋಬಾ ಎಂಬ ದೇವರುಗಳ ಮೇಲೆ ಪುಸ್ತಕ ಬರೆದಿದ್ದ. ಧನಗರರ ಓವಿ ಹಾಡುಗಳನ್ನು ಅವರ ನಡುವೆ ಕೂತು ಸಂಗ್ರಹಿಸಿದವನು ಅವನು. ಕಲ್ಲಾದ ವೀರನೂ ಹಿಂಡಿನ ದೇವರೂ ಒಂದೇ ಬಯಲಿನ ಮಕ್ಕಳು ಎಂಬುದು ಅವನ ಕೆಲಸದಿಂದ ಕಲಿಯಬೇಕಾದ್ದು. ಹೋಲಿಕೆಯನ್ನು ತೀರ ಎಳೆಯಬಾರದು. ತುರು ಎಂದರೆ ದನ, ಕುರಿಯಲ್ಲ. ಅಲ್ಲದೆ ವೀರನ ಸಾವಿಗೆ ಪ್ರತಿಫಲವುಂಟು: ಅವನಿಗೆ ಸ್ವರ್ಗ, ಮನೆಯವರಿಗೆ ನೆತ್ತರುಗೊಡಗೆಯ ಹೊಲ. ಯೋಹಾನನಲ್ಲಿ ಲಾಭ ಕುರಿಗಳದ್ದು. ಇನ್ನೊಂದು ತೊಡಕು ಸಾಮಾನ್ಯ ಬುದ್ಧಿಯದು. ಕಾಯುವವನು ಸತ್ತರೆ ಹಿಂಡಿನ ಗತಿ ಏನು? ಜೆಕರ್ಯನ ಪ್ರವಾದನೆ ಅದನ್ನು ನೇರವಾಗಿ ಹೇಳುತ್ತದೆ, ಹೊಡೆದರೆ ಹಿಂಡು ಚದರುತ್ತದೆ ಎಂದು. ಬಂಧನದ ರಾತ್ರಿ ಯೇಸು ಅದನ್ನೇ ನೆನೆಯುತ್ತಾನೆ. ಎತ್ತಿಕೊಳ್ಳುವ ಮಾತಿಲ್ಲದೆ ಇಡುವ ಮಾತು ಇಲ್ಲಿ ಅರ್ಧವೇ.

ಅಸಂಗಿಯ ಸುತ್ತಿನ ಹಿಂಡಿನ ದೇವರುಗಳು ಈ ಪ್ರತಿಮೆಯನ್ನು ತಿರುವಿ ಹಾಕುತ್ತವೆ. ಬೈಬಲಿನಲ್ಲಿ ದೇವರು ಕುರಿ ಕಾಯುವವನಾಗುತ್ತಾನೆ. ಇಲ್ಲಿ ಕುರಿ ಕಾಯುವವನು ದೇವರಾಗುತ್ತಾನೆ. ಕವಠೆಮಹಾಂಕಾಳ ತಾಲೂಕಿನ ಆರೇವಾಡಿಯ ಬೀರೋಬಾ, ಮಂಗಳವೇಢೆ ತಾಲೂಕಿನ ಹುಲಜಂತಿಯ ಮಾಳಿಂಗರಾಯ ಅಂಥವರು. ದೀಪಾವಳಿಗೆ ಹುಲಜಂತಿಯಲ್ಲಿ ಗುರು ಬೀರಪ್ಪ (ಅವನೇ ಬೀರೋಬಾ), ಶಿಷ್ಯ ಮಾಳಿಂಗರಾಯರ ಪಲ್ಲಕ್ಕಿಗಳು ಭೇಟಿಯಾಗುವಾಗ ಮರಾಠಿಯವರೂ ಕನ್ನಡದವರೂ ಒಂದೇ ಭಂಡಾರದಲ್ಲಿ ಹಳದಿಯಾಗಿ ನಿಲ್ಲುತ್ತಾರೆ. ಸಿಂದಗಿ ಕಡೆಯ ಗೋಲಗೇರಿಯ ಗೊಲ್ಲಾಳನದಂತೂ ಇನ್ನೂ ತೀಕ್ಷ್ಣ: ‘ವೀರ ಬೀರೇಶ್ವರಲಿಂಗ’ ಅಂಕಿತದ ಈ ಶರಣ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಹಾಲೆರೆದವನು. ಶಂ.ಬಾ. ಜೋಶಿ ‘ಹಾಲುಮತ ದರ್ಶನ’ ಬರೆದದ್ದು ಇಂಥ ಲೋಕವನ್ನು ಕನ್ನಡ ಸಂಸ್ಕೃತಿಯ ಬುಡದಲ್ಲಿ ಕಂಡು. 2013ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಪಾದ್ರಿಗಳಿಗೆ ಮೈಯಲ್ಲಿ ಕುರಿಯ ವಾಸನೆಯಿರಲಿ ಎಂದಾಗ ಲೋಕವೆಲ್ಲ ಅದನ್ನು ಹೊಸ ಮಾತೆಂದು ಮೆಚ್ಚಿತು. ಗೊಲ್ಲಾಳನ ಊರಿನವರಿಗೆ ಅದು ಎಂಟು ಶತಮಾನದ ಹಳೆಯ ಮಾತು. ಆರ್ಚ್‌ಬಿಷಪ್ಪರು ಹೆಗಲಿಗೆ ಹಾಕುವ, ಕುರಿಯುಣ್ಣೆಯಿಂದ ನೇದ ಪಾಲಿಯಂ ಪಟ್ಟಿಯನ್ನೂ ಕರಿಕಂಬಳಿಯ ಗದ್ದಿಗೆಯನ್ನೂ ಪಕ್ಕದಲ್ಲಿಟ್ಟು ನೋಡುವ ಆಸೆ ನನಗಿದೆ. ಅದು ಬೇರೆ ಟಿಪ್ಪಣಿ.

ಪ್ರತಿಮೆಗೆ ಅತ್ಯಂತ ಗಟ್ಟಿ ತಡೆ ಬರುವುದು ಸಂತೆಯಿಂದ. ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರನ್ನೇ ಹೊತ್ತ ಕುರಿತಳಿಯೊಂದಿದೆ: ಎತ್ತರದ ಆಳ್ತನ, ಉದ್ದ ಕತ್ತು, ಗಿಳಿಮೂಗಿನಂತೆ ಬಾಗಿದ ಮೂತಿ, ಬಿಳಿ ಮೈಮೇಲೆ ಕಂದು ಮಚ್ಚೆ. ಮಾಂಸಕ್ಕೂ ಚೆಂದದ ಟಗರಿಗೂ ಹೆಸರಾದದ್ದು. ಕುರಿ ಕಾಯುವವನು ಅದನ್ನು ಕಾಯುವುದು ಕೊನೆಗೆ ಮಾರಲಿಕ್ಕೆ. ಜಾತ್ರೆಯಲ್ಲಿ ಕಡಿಯುವುದೂ ಕುರಿಯನ್ನೇ. ಕುರಿ ಕಾಯುವವನಿಗಾಗಿ ಸಾಯುತ್ತದೆ, ಕಾಯುವವನು ಕುರಿಗಾಗಿ ಅಲ್ಲ. ಯೆಹೆಜ್ಕೇಲನು 34ನೆಯ ಅಧ್ಯಾಯದಲ್ಲಿ, ಕೊಬ್ಬಿದ್ದನ್ನು ಕೊಯ್ದು ತಿಂದು ಉಣ್ಣೆ ಹೊದ್ದು ಹಿಂಡನ್ನು ಮೇಯಿಸದ ಅರಸರನ್ನು ಬೈಯುವಾಗ, ತಿನ್ನುವುದಕ್ಕಿಂತ ಹೆಚ್ಚಾಗಿ ಮೇಯಿಸದೆ ತಿಂದದ್ದು ಅವನ ಸಿಟ್ಟಿಗೆ ಕಾರಣ. ಕ್ರೈಸ್ತ ಉತ್ತರ ವಿಚಿತ್ರವಾದದ್ದು: ಕಾಯುವವನೇ ಕಡಿಯುವ ಕುರಿಯೂ ಆಗುವುದು. ಯೋಹಾನನ ಮೊದಲ ಅಧ್ಯಾಯದಲ್ಲೇ ಸ್ನಾನಿಕ ಯೋಹಾನನು ಯೇಸುವನ್ನು ದೇವರ ಕುರಿಮರಿ ಎಂದು ತೋರಿಸುತ್ತಾನೆ; ಪ್ರಕಟನೆಯ 7ನೆಯ ಅಧ್ಯಾಯದಲ್ಲಿ ಹಿಂಡು ಮೇಯಿಸುವುದೇ ಕುರಿಮರಿ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಅಡ್ಡಿ, ‘ಕುರಿ’ ಎಂಬುದೇ ಬೈಗುಳ. ಕೆ.ಎಸ್. ನಿಸಾರ್ ಅಹಮದರ ‘ಕುರಿಗಳು ಸಾರ್ ಕುರಿಗಳು’ ಬಂದ ಮೇಲೆ ಹಿಂಡೆಂದರೆ ತಲೆತಗ್ಗಿಸಿ ನಡೆವ ಮಂದಿ ಎಂಬುದೇ ಕನ್ನಡ ಓದುಗನ ಮೊದಲ ನೆನಪು. ಕನ್ನಡದ ಪಾದ್ರಿ ಸಭೆಯವರನ್ನು ಕುರಿಗಳೆಂದಾಗ ಆ ನಗೆ ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತದೆ.

ಕೊನೆಯ ಒಂದು ಪಾಠ. ಯೋಹಾನನ 21ನೆಯ ಅಧ್ಯಾಯದಲ್ಲಿ, ಎದ್ದುಬಂದ ಯೇಸು ಬೆಸ್ತ ಪೇತ್ರನಿಗೆ ಕುರಿಗಳನ್ನು ಒಪ್ಪಿಸುತ್ತಾನೆ, ಮೂರು ಸಲ. ಗ್ರೀಕಿನಲ್ಲಿ ಮೊದಲ ಮತ್ತು ಮೂರನೆಯ ಸಲ ‘ಬೊಸ್ಕೆ’, ನಡುವೆ ‘ಪೊಯ್ಮಾಯ್ನೆ’. ಬರೀ ಶೈಲಿಯ ಬದಲಾವಣೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಒಡನೆಯೇ ಪೇತ್ರನಿಗೆ, ಮುಪ್ಪಿನಲ್ಲಿ ಬೇರೊಬ್ಬರು ನಿನಗೆ ನಡು ಕಟ್ಟಿ ನಿನಗೆ ಮನಸ್ಸಿಲ್ಲದ ಕಡೆ ಒಯ್ಯುತ್ತಾರೆ ಎಂಬರ್ಥದ ಮಾತು ಬರುತ್ತದೆ. ಅದು ಅವನ ಸಾವಿನ ಸೂಚನೆಯೆಂದು ಸುವಾರ್ತೆಯೇ ವಿವರಿಸುತ್ತದೆ. ಜತ್ತಿನ ಕನ್ನಡದಲ್ಲಿ ಆ ಎರಡು ಕ್ರಿಯಾಪದಗಳಿಗೆ ಎರಡು ಮಾತುಗಳು ಸಿದ್ಧವಾಗಿವೆ. ‘ಕುರಿ ಮೇಸಾಕ ಹೋಗ್ಯಾನ’ ಎಂದರೆ ಹೊತ್ತು ಮುಳುಗುವ ಮುಂಚೆ ಬರುತ್ತಾನೆ. ‘ಕುರಿ ಕಾಯಾಕ ಹೋಗ್ಯಾನ’ ಎಂದರೆ ಅವನ ಪಾಲಿನ ರೊಟ್ಟಿಯನ್ನು ಮನೆಯವರು ಬುತ್ತಿ ಕಟ್ಟಿ ಹೊಲಕ್ಕೇ ಕಳಿಸುವುದುಂಟು.